ಹಿರಿಯರ ಎಡೆ: ಅಗಲಿದವರನ್ನು ನೆನೆಯುವ ವಸ್ತುಗಳು

ಅಗಲಿದವರಿಗಾಗಿ ಮನುಷ್ಯನು ಮಾಡುವ ವಸ್ತುಗಳು ಎರಡು ಬಗೆಯವು. ಕಲ್ಲು, ಮರ, ಲೋಹಗಳಲ್ಲಿ ರೂಪುಗೊಂಡವು ಉಳಿಯಲೆಂದು ಮಾಡಿದವು. ಅನ್ನ, ಹೂವು, ದರ್ಭೆ, ದೀಪಗಳು ಕರಗಿಹೋಗಲೆಂದೇ ಮಾಡಿದವು. ಕನ್ನಡ ನಾಡಿನಲ್ಲಿ ಈ ಎರಡೂ ಪರಂಪರೆಗಳು ಸಮೃದ್ಧವಾಗಿವೆ. ಹೊರನಾಡಿನ ನಮ್ಮ ಮನೆಗಳಲ್ಲಾದರೋ ಅನೇಕ ವೇಳೆ ಗೋಡೆಯ ಮೇಲಿನ ಭಾವಚಿತ್ರವೊಂದೇ ಉಳಿದಿರುತ್ತದೆ. ಈ ಪರಂಪರೆಯಲ್ಲಿ ಯಾವುದು ನಮ್ಮೊಡನೆ ಬರಬಲ್ಲದು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಉಳಿಯಲೆಂದು ಮಾಡಿದವುಗಳಲ್ಲಿ ವೀರಗಲ್ಲು ಪ್ರಮುಖವಾದುದು. ತುರುಗಳ್ಳರನ್ನು ತಡೆಯುತ್ತ, ಊರನ್ನು ಕಾಯುತ್ತ, ಕಾಡುಮೃಗಗಳೊಡನೆ ಸೆಣಸುತ್ತ ಮಡಿದವರಿಗಾಗಿ ಇದನ್ನು ನಿಲ್ಲಿಸುತ್ತಿದ್ದರು. ಸಾಮಾನ್ಯವಾಗಿ ಇದರಲ್ಲಿ ಮೂರು ಪಟ್ಟಿಕೆಗಳಿದ್ದು, ಅವನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿ. ತುದಿಯ ಸೂರ್ಯಚಂದ್ರರು ಈ ಕೀರ್ತಿ ಅವರಿರುವವರೆಗೂ ಇರಲೆಂಬ ಆಶಯದ ಗುರುತು. ಚಿತೆಯೇರಿದ ಹೆಣ್ಣಿನ ನೆನಪಿನ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಮೇಲೆತ್ತಿದ ಕೈ ಇರುತ್ತದೆ. ಸಲ್ಲೇಖನ ವ್ರತದಿಂದ ದೇಹ ತ್ಯಜಿಸಿದ ಜೈನರಿಗೆ ನಿಷಿಧಿಗಳಿವೆ. ಶ್ರವಣಬೆಳಗೊಳದಲ್ಲಿ ಇವು ಹೇರಳವಾಗಿವೆ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಈ ವರ್ಗದಲ್ಲಿ ವಿಶಿಷ್ಟವಾದುದು. ಕ್ರಿ.ಶ. 950ರ ಸುಮಾರಿನ ಈ ಶಾಸನ ತಕ್ಕೋಲದ ಯುದ್ಧವನ್ನು ಉಲ್ಲೇಖಿಸುತ್ತದೆ. ಗಂಗ ದೊರೆ ಬೂತುಗನು ಮಣಲೇರನೆಂಬ ವೀರನ ಶೌರ್ಯಕ್ಕೆ ಮೆಚ್ಚಿದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಕಲ್ಲಿನ ಹೊಣೆ ಹೊತ್ತ ಗೊರವನು ಅದನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುವುದೆಂದು ಶಾಸನ ವಿಧಿಸುತ್ತದೆ. ಇಲ್ಲಿ ಗಮನಿಸಬೇಕಾದುದು ಈ ವಿಧಿಯನ್ನೇ. ಕಲ್ಲು ತಾನಾಗಿಯೇ ನೆನಪಿಡುವುದೆಂದು ಆ ಕಾಲದವರು ನಂಬಿರಲಿಲ್ಲ. ಉಣ್ಣುವ ಮೊದಲು ಒಬ್ಬನು ಅದರ ಮುಂದೆ ನಿಲ್ಲಬೇಕಾಗಿತ್ತು. ಇಂದು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಅದರ ಮುಂದೆ ನಿಲ್ಲುವ ಗೊರವನಿಲ್ಲ.

ತುಳುನಾಡಿನಲ್ಲಿ ಇದಕ್ಕೆ ವಿರುದ್ಧವಾದ ನಿದರ್ಶನವಿದೆ. ಅಲ್ಲಿನ ದೈವಗಳಲ್ಲಿ ಕೆಲವರು ಒಮ್ಮೆ ಮನುಷ್ಯರಾಗಿ ಬಾಳಿ ಮಡಿದವರು. ಗರಡಿಗಳಲ್ಲಿ ಆರಾಧನೆಗೊಳ್ಳುವ ಕೋಟಿ ಚೆನ್ನಯರು ಅಂಥವರು. ಬಾರ್ಕೂರಿನ ಸಮೀಪದ ಮೆಕ್ಕೆಕಟ್ಟಿನ ಬಣ್ಣದ ಮರದ ಭೂತಶಿಲ್ಪಗಳು ಪ್ರಸಿದ್ಧವಾಗಿವೆ. ಅಲ್ಲಿನ ಹಳೆಯ ಮೂರ್ತಿಗಳು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿವೆ. ಆದರೆ ಅವುಗಳ ಸ್ಥಾನದಲ್ಲಿ ಹೊಸ ಮೂರ್ತಿಗಳು ನಿಂತವು, ಆರಾಧನೆ ಮುಂದುವರಿಯಿತು. ಕೊಡಗಿನಲ್ಲಿ ಐನ್‌ಮನೆಯ ಬಳಿಯ ಕೈಮಡ ಎಂಬ ಪುಟ್ಟ ಗುಡಿ ಕುಲದ ಮೂಲಪುರುಷನಾದ ಕಾರಣನದು. ಅವನಿಗೆ ಒಕ್ಕದವರು ಕೂಡಿ ಎಡೆ ಅರ್ಪಿಸುತ್ತಾರೆ.

ಇನ್ನು ಕರಗಿಹೋಗುವ ವಸ್ತುಗಳು. ಹಳೆಯ ಮೈಸೂರು ಭಾಗದ ಅನೇಕ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಯೆಂದರೆ ಹಿರಿಯರ ಹಬ್ಬ. ಕಳಶವಿಟ್ಟು, ಹೊಸ ಪಂಚೆ ಸೀರೆಗಳನ್ನು ಮಡಿಸಿಟ್ಟು, ಬಾಳೆಲೆಯ ಮೇಲೆ ಹಿರಿಯರಿಗೆ ಪ್ರಿಯವಾಗಿದ್ದ ಅಡುಗೆಯನ್ನು ಎಡೆಯಿಡುತ್ತಾರೆ. ಮಾಂಸಾಹಾರಿಗಳ ಮನೆಯಲ್ಲಿ ಮಾಂಸವೂ ಇರುತ್ತದೆ. ಎಲೆ ಅಡಿಕೆ, ಕೆಲವೆಡೆ ಬೀಡಿಯೂ ಇರುತ್ತದೆ. ಧೂಪ ಹಾಕಿ, ಬಾಗಿಲು ಮುಚ್ಚಿ, ಹಿರಿಯರು ಉಣ್ಣಲೆಂದು ಸ್ವಲ್ಪ ಹೊತ್ತು ಹೊರಗೆ ಕಾಯುತ್ತಾರೆ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುವುದೂ ಇದೇ ಬಗೆಯದು. ಶ್ರಾದ್ಧದ ದರ್ಭೆಯ ಪವಿತ್ರವನ್ನು ಬಿಚ್ಚಿ ವಿಸರ್ಜಿಸುತ್ತಾರೆ. ಪಿಂಡವನ್ನು ನೀರಿಗೆ ಬಿಡುತ್ತಾರೆ. ಇವುಗಳಲ್ಲಿ ಯಾವುದನ್ನೂ ಕಾಪಿಡುವುದಿಲ್ಲ. ಆದ್ದರಿಂದಲೇ ಮರುವರ್ಷ ಮತ್ತೆ ಮಾಡಬೇಕಾಗುತ್ತದೆ.

ನಾನು ವಾಸಿಸುವ ಸಿಯಾಟಲ್‌ನ ಫ್ರೀಮಾಂಟ್ ಬಡಾವಣೆಯ ಉತ್ತರಕ್ಕೆ ಗ್ರೀನ್ ಲೇಕ್ ಎಂಬ ಕೆರೆಯಿದೆ. 1984ರಿಂದ ಪ್ರತಿ ಆಗಸ್ಟ್ 6ರಂದು ಅಲ್ಲಿ ಹಿರೋಷಿಮಾ ನಾಗಸಾಕಿಗಳಲ್ಲಿ ಮಡಿದವರ ನೆನಪಿಗಾಗಿ ಕಾಗದದ ದೀಪಗಳನ್ನು ತೇಲಿಬಿಡುತ್ತಾರೆ. ಬಂದವರು ತಮ್ಮವರ ಹೆಸರುಗಳನ್ನೂ ಅವುಗಳ ಮೇಲೆ ಬರೆಯುತ್ತಾರೆ. ಕೊನೆಗೆ ಸ್ವಯಂಸೇವಕರು ದೀಪಗಳನ್ನೆಲ್ಲ ನೀರಿನಿಂದ ತೆಗೆಯುತ್ತಾರೆ. ಶರತ್ಕಾಲದಲ್ಲಿ ದಕ್ಷಿಣದ ಸಿಯಾಟಲ್ ಸೆಂಟರ್‌ನಲ್ಲಿ ಮೆಕ್ಸಿಕೋ ಮೂಲದವರು ಡಿಯಾ ದೆ ಮುಯೆರ್ತೋಸ್ ಆಚರಿಸುತ್ತಾರೆ. ಕತ್ತರಿಸಿದ ಬಣ್ಣದ ಕಾಗದದ ತೋರಣ, ಸಕ್ಕರೆಯ ತಲೆಬುರುಡೆ, ಭಾವಚಿತ್ರ ಮತ್ತು ಅಗಲಿದವರ ಮೆಚ್ಚಿನ ತಿನಿಸುಗಳಿರುವ ಅವರ ವೇದಿಕೆಯ ಹೆಸರು ಒಫ್ರೆಂದಾ. ಅದು ಎಡೆಯಲ್ಲದೆ ಬೇರೇನೂ ಅಲ್ಲ. ಅದನ್ನು ಸಿಂಗರಿಸುವ ಹೂವು ನಮ್ಮ ಚೆಂಡುಹೂವು. ಅದರ ತವರು ಮೆಕ್ಸಿಕೋ. ನಮ್ಮ ಹಬ್ಬಗಳಿಗೆ ಅದು ಕಡಲು ದಾಟಿ ಬಂದ ಅತಿಥಿ.

ವೈದ್ಯನಾದ ನಾನು ಮರಣದ ಕಾರಣವನ್ನೂ ವೇಳೆಯನ್ನೂ ಬರೆದು ಸಹಿ ಹಾಕುವವನು. ಆ ಬಳಿಕ ಮನೆಯವರು ಏನು ಮಾಡಬೇಕೆಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಸತ್ತವರಿಂದ ಮನಸ್ಸನ್ನು ಕ್ರಮೇಣ ಬಿಡಿಸಿಕೊಳ್ಳುವುದೇ ಶೋಕದ ಕೆಲಸವೆಂದು ಫ್ರಾಯ್ಡ್ 1917ರಲ್ಲಿ ಬರೆದನು. ಈ ದೃಷ್ಟಿ ಬಹುಕಾಲ ಪ್ರಭಾವಶಾಲಿಯಾಗಿತ್ತು. 1996ರಲ್ಲಿ ಕ್ಲಾಸ್, ಸಿಲ್ವರ್‌ಮನ್ ಮತ್ತು ನಿಕ್‌ಮನ್ ಸಂಪಾದಿಸಿದ ಗ್ರಂಥವು ಅಗಲಿದವರೊಡನೆ ಮುಂದುವರಿಯುವ ಬಾಂಧವ್ಯ ರೋಗವಲ್ಲವೆಂದು ವಾದಿಸಿತು. ಹಿರಿಯರಿಗೆ ಎಡೆಯಿಡುವವರಿಗೆ ಇದು ಹೊಸ ಮಾತಲ್ಲ. ಆದರೂ ಎಡೆ ಔಷಧವಲ್ಲ. ವರ್ಷ ಕಳೆದರೂ ದಿನನಿತ್ಯದ ಬದುಕನ್ನೇ ತಡೆಯುವಷ್ಟು ತೀವ್ರವಾಗಿ ಉಳಿಯುವ ಶೋಕಕ್ಕೆ ಚಿಕಿತ್ಸೆ ಬೇಕು. ಅದು ಲಭ್ಯವೂ ಇದೆ.

ನನ್ನ ತಾಯಿ ತೀರಿಕೊಂಡಾಗ ನಾನು ಇಲ್ಲಿದ್ದೆ. ಊರು ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಮರಳಿ ಬಂದು ಅವಳ ಭಾವಚಿತ್ರವನ್ನು ಗೋಡೆಗೆ ತೂಗುಹಾಕಿದೆ. ಕೆಲವೇ ತಿಂಗಳಲ್ಲಿ ಅದನ್ನು ನೋಡದೆಯೇ ಅದರ ಮುಂದೆ ಓಡಾಡುವುದು ರೂಢಿಯಾಯಿತು. ಮಹಾಲಯದಂದು ಏಷ್ಯನ್ ಅಂಗಡಿಯ ಫ್ರೀಜರ್‌ನಿಂದ ತಂದ ಬಾಳೆಲೆಯ ಮೇಲೆ ಅವಳಿಗೆ ಇಷ್ಟವಾದ ಹುಳಿ, ಪಾಯಸ ಬಡಿಸಿ ನಾವು ಬಾಗಿಲ ಹೊರಗೆ ನಿಂತೆವು. ಅಜ್ಜಿಗೆ ಇನ್ನೇನು ಇಷ್ಟವಾಗಿತ್ತೆಂದು ಮಗಳು ಕೇಳಿದಳು. ಭಾವಚಿತ್ರ ಎಂದೂ ಅವಳಿಂದ ಆ ಪ್ರಶ್ನೆಯನ್ನು ಕೇಳಿಸಿರಲಿಲ್ಲ. ಕಾಗೆಗಳಿಗಂತೂ ಸಿಯಾಟಲ್‌ನಲ್ಲಿ ಬರವಿಲ್ಲ.

ವೀರಗಲ್ಲನ್ನು ಯಾರೂ ಇಲ್ಲಿಗೆ ತರಲಾರರು. ಕೈಮಡವನ್ನು ಅದರ ನೆಲದಿಂದ ಕೀಳಲಾಗದು. ಎಡೆಗೆ ಬೇಕಾದುದು ಒಂದು ಎಲೆ, ಅವರ ಮೆಚ್ಚಿನ ಅಡುಗೆ ಮತ್ತು ವರ್ಷಕ್ಕೊಂದು ದಿನ. ಆತಕೂರಿನ ಶಾಸನ ಗೊರವನಿಂದ ಬಯಸಿದುದೂ ಇಷ್ಟನ್ನೇ: ತಾನು ಉಣ್ಣುವ ಮೊದಲು ಅಗಲಿದವರನ್ನು ನೆನೆಯಬೇಕು.