ಕೆರೆ ಪಕ್ಕ ಸೈಟ್ ತಗೊಳ್ತೀರಾ? ಭೂ ಪರಿವರ್ತನೆ ಕಾನೂನಲ್ಲಿ ಏನಿದೆ, ಏನಿಲ್ಲ

ಚಿತ್ರದುರ್ಗ: ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. ಆ ಸಲ ಹಿನ್ನೀರು ಹೊಸದುರ್ಗ ಕಡೆಯ ತೋಟ, ಜಮೀನಿಗೆ ನುಗ್ಗಿತು. ಹಿರಿಯೂರಿನ ತಗ್ಗು ಪ್ರದೇಶಕ್ಕೂ ನೀರು ಬಂತು. 2025ರ ಜನವರಿಯಲ್ಲಿ ಮತ್ತೆ ಕೋಡಿ. ಬರದ ಜಿಲ್ಲೆ ಅಂತಲೇ ಹೆಸರಾದ ನಮ್ಮಲ್ಲಿ ಈಗ ನೆರೆಯ ಲೆಕ್ಕವನ್ನೂ ಹಾಕಬೇಕಾಗಿದೆ. ಆದರೆ ಹೊಲವನ್ನು ಸೈಟ್ ಮಾಡೋ ಕಾನೂನು ಆ ಲೆಕ್ಕ ಹಾಕುತ್ತಾ?

ಸೆಕ್ಷನ್ 95 ಏನು ಹೇಳುತ್ತೆ?

ಕೃಷಿ ಜಮೀನಿನಲ್ಲಿ ಲೇಔಟ್, ಅಂಗಡಿ, ಗೋಡೌನ್ ಮಾಡಬೇಕಾದ್ರೆ ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಸೆಕ್ಷನ್ 95ರಡಿ ಭೂ ಪರಿವರ್ತನೆ ಆಗಬೇಕು. ಬೇರೆ ಕಾನೂನಿಗೆ ವಿರುದ್ಧ, ಸಾರ್ವಜನಿಕರಿಗೆ ತೊಂದರೆ, ಜನಹಿತಕ್ಕೆ ಧಕ್ಕೆ ಅನ್ನೋ ಕಾರಣ ಇದ್ದರೆ ಜಿಲ್ಲಾಧಿಕಾರಿ ಅರ್ಜಿ ತಿರಸ್ಕರಿಸಬಹುದು. ನೆರೆ, ಅಂತರ್ಜಲ, ಕೋಡಿ ನೀರಿನ ದಾರಿ ಅಂತ ಬಿಡಿಸಿ ಹೇಳಿಲ್ಲ. 1964ರಲ್ಲಿ ಹವಾಮಾನ ಬದಲಾವಣೆ ಮಾತೇ ಇರಲಿಲ್ಲ. 2020ರ ಭೂಸುಧಾರಣಾ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹೊರಗಿನಿಂದ ಬಂದು ಕೊಳ್ಳೋರಿಗೆ ಊರ ಹಳ್ಳ ಎಲ್ಲಿ ಹರಿಯುತ್ತಿತ್ತು ಅಂತ ಗೊತ್ತಿರಲ್ಲ.

ಕೆರೆಯಿಂದ ಎಷ್ಟು ದೂರ?

ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ 2014 ಕೆರೆ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕಟ್ಟಬಾರದು ಅಂದಿತು. ಕೆರೆಯ ಗಾತ್ರ ನೋಡಿ ಈ ಅಂತರ ಕಡಿಮೆ ಮಾಡೋ ತಿದ್ದುಪಡಿ ಮಸೂದೆಗೆ 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ಚಿಕ್ಕ ಕೆರೆ, ಕಟ್ಟೆಗಳಿಗೆ ಉಳಿಯೋದು ಕೆಲವೇ ಮೀಟರ್. ಹೊಳಲ್ಕೆರೆ, ಹೊಸದುರ್ಗದ ಅಡಿಕೆ, ತೆಂಗಿನ ತೋಟಗಳ ಬೋರ್‌ವೆಲ್‌ಗೆ ನೀರು ಮರುಪೂರಣ ಆಗೋದು ಇಂಥ ಚಿಕ್ಕ ಕೆರೆಗಳಿಂದಲೂ ಹೌದು.

ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹೋಗಬೇಕು. ದುರ್ಗದ ಕೋಟೆ ಮೇಲಿನ ಹೊಂಡ ತುಂಬಿದ ನೀರು ಕೆಳಗಿನ ಸಿಹಿನೀರು ಹೊಂಡ, ಸಂತೆಹೊಂಡಕ್ಕೆ ಇಳಿಯೋ ಹಾಗೆ ಪಾಳೇಗಾರರ ಕಾಲದಲ್ಲೇ ಮಾಡಿದ್ದರು. ನಡುವೆ ಒಂದು ಕಾಲುವೆ ಮುಚ್ಚಿದರೂ ನೀರು ಮನೆ, ಅಂಗಡಿಗೆ ನುಗ್ಗುತ್ತೆ. ಕೆಳಗಿನ ಕೆರೆ ಖಾಲಿ ಉಳಿಯುತ್ತೆ.

ಏನು ಬದಲಾಗಬೇಕು?

ಪರಿವರ್ತನೆ ಆದೇಶಕ್ಕೆ ಮೊದಲೇ ಸರ್ವೆಯವರು ಹಳ್ಳ, ಕಾಲುವೆ, ಕೋಡಿ ದಾರಿಯನ್ನ ಸ್ಥಳದಲ್ಲಿ ಗುರುತಿಸಬೇಕು. ಅದು ಆದೇಶದಲ್ಲೂ ಬರಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಾಡೋ ಮಾಸ್ಟರ್ ಪ್ಲಾನ್‌ನಲ್ಲಿ ನೆರೆ ಬಂದ ಜಾಗ ತೋರಿಸೋದು ಕಡ್ಡಾಯ ಆಗಬೇಕು.

ಅಡ್ವಾನ್ಸ್ ಕೊಡೋ ಮುಂಚೆ ಇಷ್ಟು ನೋಡಿ

* ಪಹಣಿಯಲ್ಲಿ 'ಬಿ ಖರಾಬು' ಇದೆಯಾ? ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ ಅದು. ಮಾರೋಕೆ ಬರಲ್ಲ.
* ಗ್ರಾಮ ನಕ್ಷೆಯಲ್ಲಿ ಹಳ್ಳದ ಗೆರೆ ಹಾದು ಹೋಗಿದೆಯಾ? ಮೊಬೈಲ್‌ನ 'ದಿಶಾಂಕ್' ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತೆ.
* ಪರಿವರ್ತನೆ ಆದೇಶದ ಜೊತೆ ಲೇಔಟ್ ಅನುಮೋದನೆಯ ಪ್ರತಿಯನ್ನೂ ಕೇಳಿ. ಎರಡೂ ಬೇರೆ ಬೇರೆ.
* 2022ರಲ್ಲಿ ಅಲ್ಲಿ ನೀರು ನಿಂತಿತ್ತಾ ಅಂತ ಅಕ್ಕಪಕ್ಕದ ಹಿರಿಯರನ್ನ ಕೇಳಿ. ಸದ್ಯಕ್ಕೆ ಈ ಮಾಹಿತಿ ಯಾವ ಪಹಣಿಯಲ್ಲೂ ಬರಲ್ಲ.