ಹಡಗು ಹತ್ತುವ ಮುನ್ನ: ಮದ್ರಾಸಿನಿಂದ ಅಂಡಮಾನಿಗೆ

ಚೆನ್ನೈನ ರಾಜಾಜಿ ಸಾಲೈ ಬಂದರಿನ ಮಗ್ಗುಲಲ್ಲೇ ಸಾಗುವ ರಸ್ತೆ. ಸೇಂಟ್ ಜಾರ್ಜ್ ಕೋಟೆ, ಹಳೆಯ ಜನರಲ್ ಪೋಸ್ಟ್ ಆಫೀಸು, ಬೀಚ್ ರೈಲು ನಿಲ್ದಾಣ ಎಲ್ಲವೂ ಇಲ್ಲಿಯೇ. ಅಂಡಮಾನಿಗೆ ಹಡಗಿನಲ್ಲಿ ಹೋಗಬೇಕೆನ್ನುವವರು ವಿಚಾರಿಸಿಕೊಂಡು ಬರುವುದೂ ಈ ರಸ್ತೆಗೇ. ಚೆನ್ನೈನಿಂದ ಪೋರ್ಟ್ ಬ್ಲೇರಿಗೆ ಸಮುದ್ರದಲ್ಲಿ ಸುಮಾರು 1,190 ಕಿಲೋಮೀಟರ್. ವಿಮಾನಕ್ಕೆ ಎರಡು ಗಂಟೆ ಚಿಲ್ಲರೆ, ಹಡಗಿಗೆ ಹೆಚ್ಚುಕಡಿಮೆ ಮೂರು ದಿನ. ಹಡಗು ತಿಂಗಳಿಗೆ ಕೆಲವೇ ಸಲ ಹೊರಡುತ್ತದೆ. ಹವಾಮಾನ ಕೆಟ್ಟರೆ ಆ ದಿನವೂ ಹೊರಡುವುದಿಲ್ಲ.

ಮೊದಲ ಸಲ ಹೊರಟವರು ಪಟ್ಟಿ ಮಾಡಿಕೊಳ್ಳುತ್ತಾರೆ: ಯಾವ ತಿಂಗಳು, ಎಷ್ಟು ದಿನ, ಯಾವ ಯಾವ ದ್ವೀಪ, ಬಂಕ್ ಸಾಕೋ ಕ್ಯಾಬಿನ್ ಬೇಕೋ. ಮೇ ಕೊನೆಗೆ ನೈಋತ್ಯ ಮುಂಗಾರು ಅಲ್ಲಿಗೆ ಮುಟ್ಟುತ್ತದೆ; ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳಕೊಲ್ಲಿಯಲ್ಲಿ ಚಂಡಮಾರುತದ ಕಾಲ. ಹಾಗಾಗಿ ಜನವರಿಯಿಂದ ಏಪ್ರಿಲ್ ಒಳಗೆ ಹೋಗಿಬರುವುದು ಒಳ್ಳೆಯದೆಂದು ತಿಳಿದವರು ಹೇಳುತ್ತಾರೆ. ಗಡಿಯಾರದಲ್ಲಿ ಇಲ್ಲಿಯದೇ ಸಮಯ. ಆದರೆ ಸೂರ್ಯ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮುಂಚೆ ಹುಟ್ಟಿ, ಅಷ್ಟೇ ಮುಂಚೆ ಮುಳುಗುತ್ತಾನೆ. ಇಷ್ಟೆಲ್ಲ ಗೊತ್ತಾದ ಮೇಲೆ ಪಟ್ಟಿಯಲ್ಲಿ ಇನ್ನೊಂದು ವಿಷಯ ಎದುರಾಗುತ್ತದೆ: ಹೋಗಬಾರದ ಜಾಗಗಳು. ಬಹಳ ಮಂದಿ ಅದನ್ನು ಸರ್ಕಾರಿ ಕಿರಿಕಿರಿ ಎಂದುಕೊಂಡು ಮುಂದೆ ಹೋಗುತ್ತಾರೆ. ಆದರೆ ಈ ದ್ವೀಪಗಳ ಇತಿಹಾಸವೆಲ್ಲ ಇರುವುದು ಆ ನಿಷೇಧದಲ್ಲಿಯೇ.

ಈ ಕಡಲನ್ನು ದಾಟುವ ಯೋಜನೆ ಹೊಸದಲ್ಲ. 1025ರಲ್ಲಿ ಶ್ರೀವಿಜಯದ ಮೇಲೆ ನೌಕಾಪಡೆ ಕಳಿಸಿದ ರಾಜೇಂದ್ರ ಚೋಳನ ತಂಜಾವೂರು ಶಾಸನದಲ್ಲಿ ನಿಕೋಬಾರಿಗೆ 'ನಕ್ಕವಾರಂ' ಎಂಬ ಹೆಸರಿದೆ. ಮಾರ್ಕೊ ಪೋಲೊ ಬರೆದ 'ನೆಕುವೆರಾನ್' ಕೂಡ ಅದೇ ಪದದ ಇನ್ನೊಂದು ಉಚ್ಚಾರಣೆ. ಚೆನ್ನೈಗೆ ದಕ್ಷಿಣದಲ್ಲಿರುವ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿಕೊಂಡಿದ್ದ ಡೇನರು 1756ರ ಜನವರಿ 1ರಂದು ನಿಕೋಬಾರ್ ತಮ್ಮದೆಂದು ಘೋಷಿಸಿದರು. ಹೋದವರನ್ನು ಜ್ವರ ನುಂಗಿತು. ಬಿಟ್ಟು ಬಂದರು, ಮತ್ತೆ ಹೋದರು, ಮತ್ತೆ ಬಿಟ್ಟರು. ಕೊನೆಗೆ 1868ರಲ್ಲಿ ತಮ್ಮ ಹಕ್ಕನ್ನು ಬ್ರಿಟಿಷರಿಗೆ ಮಾರಿ ಕೈತೊಳೆದುಕೊಂಡರು. ಬ್ರಿಟಿಷರ ಮೊದಲ ಪ್ರಯತ್ನವೂ ಹೀಗೆಯೇ ಮುಗಿದಿತ್ತು. 1789ರಲ್ಲಿ ಆರ್ಚಿಬಾಲ್ಡ್ ಬ್ಲೇರ್ ಚಾಥಮ್ ದ್ವೀಪದಲ್ಲಿ ಹೂಡಿದ ನೆಲೆಯನ್ನು ಮೂರು ವರ್ಷಗಳಲ್ಲಿ ಉತ್ತರ ಅಂಡಮಾನಿಗೆ ಸಾಗಿಸಲಾಯಿತು. ಅಲ್ಲಿ ಕಾಯಿಲೆ ತಾಳಲಾರದೆ 1796ರಲ್ಲಿ ಅದನ್ನೂ ಮುಚ್ಚಿದರು.

ಇವರೆಲ್ಲರ ಲೆಕ್ಕದಲ್ಲಿ ಒಂದು ಸಾಮ್ಯವಿದೆ. ಹೋಗುವವರು ಎಷ್ಟು ಮಂದಿ ಸಾಯಬಹುದು, ಕುಡಿಯುವ ನೀರು ಎಲ್ಲಿ, ಹಡಗು ನಿಲ್ಲಲು ಆಳ ಎಷ್ಟು ಎಂಬುದನ್ನೆಲ್ಲ ಬರೆದಿಟ್ಟರು. ತಾವು ಹೋಗುವುದರಿಂದ ಅಲ್ಲಿದ್ದವರಿಗೆ ಏನಾಗಬಹುದು ಎಂಬ ಕಲಮು ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ.

1857ರ ದಂಗೆಯ ನಂತರ ಕೈದಿಗಳನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂದಾಗ ಅಂಡಮಾನ್ ಮತ್ತೆ ನೆನಪಾಯಿತು. ಅದೇ ವರ್ಷದ ನವೆಂಬರಿನಲ್ಲಿ ವೈದ್ಯ ಎಫ್. ಜೆ. ಮೌಅಟ್ ನೇತೃತ್ವದ ಸಮಿತಿಯೊಂದು ಜಾಗ ನೋಡಲು ಕಲ್ಕತ್ತೆಯಿಂದ ಹೊರಟಿತು. ದ್ವೀಪವಾಸಿಗಳೊಂದಿಗೆ ನಡೆದ ಘರ್ಷಣೆಯೊಂದರಲ್ಲಿ ತಂಡದವರು ಒಬ್ಬ ಯುವಕನನ್ನು ಸೆರೆಹಿಡಿದರು. ನಾವಿಕರು ಅವನಿಗೆ ಬಟ್ಟೆ ತೊಡಿಸಿ 'ಜ್ಯಾಕ್' ಎಂದು ಕರೆದರು. ಕಲ್ಕತ್ತೆಯಲ್ಲಿ ಅವನನ್ನು ನೋಡಲು ಜನ ಮುಗಿಬಿದ್ದರು. ಅವನ ಫೋಟೋ ತೆಗೆಯಲಾಯಿತು. ಆಮೇಲೆ ಅವನು ಕಾಯಿಲೆ ಬಿದ್ದ. ಸತ್ತೇಹೋಗುತ್ತಾನೆಂಬ ಭಯದಲ್ಲಿ ಅವನನ್ನು ಹಿಡಿದ ದಡಕ್ಕೇ ಕರೆದೊಯ್ದು ಬಿಟ್ಟುಬಂದರು. ಅವನ ನಿಜವಾದ ಹೆಸರು ಸಮಿತಿಯ ದಾಖಲೆಗೆ ಬೇಕಾಗಲಿಲ್ಲ. ಮುಂದೆ ಏನಾದನೆಂಬುದೂ ಅಲ್ಲಿ ಇಲ್ಲ.

1858ರ ಮಾರ್ಚ್ 10ರಂದು ಜೆ. ಪಿ. ವಾಕರ್ 200 ಕೈದಿಗಳೊಂದಿಗೆ ಪೋರ್ಟ್ ಬ್ಲೇರಿನಲ್ಲಿ ಇಳಿದ. ಕಾಡು ಕಡಿಯುವ ಕೆಲಸ ಕೈದಿಗಳದು. ತಪ್ಪಿಸಿಕೊಂಡು ಓಡಿ ಸಿಕ್ಕಿಬಿದ್ದವರಲ್ಲಿ 80ಕ್ಕೂ ಹೆಚ್ಚು ಮಂದಿಯನ್ನು ಅವನು ಗಲ್ಲಿಗೇರಿಸಿದ. ಓಡಿಹೋದವರಲ್ಲಿ ದೂಧನಾಥ ತಿವಾರಿ ಎಂಬಾತನೊಬ್ಬ. ದ್ವೀಪವಾಸಿಗಳು ಅವನನ್ನು ಕೊಲ್ಲದೆ ಉಳಿಸಿಕೊಂಡರು. ಸುಮಾರು ಒಂದು ವರ್ಷ ಅವರ ನಡುವೆ ಬಾಳಿದ, ಅಲ್ಲೇ ಮದುವೆಯೂ ಆದ. 1859ರ ಮೇ ತಿಂಗಳಲ್ಲಿ ಅವರು ವಸಾಹತಿನ ಮೇಲೆ ದೊಡ್ಡ ದಾಳಿಗೆ ಸಜ್ಜಾದಾಗ ಓಡಿಬಂದು ಬ್ರಿಟಿಷರಿಗೆ ಸುದ್ದಿ ಮುಟ್ಟಿಸಿದವನು ಅವನೇ. ಬಿಲ್ಲುಬಾಣಗಳು ಬಂದೂಕಿನ ಮುಂದೆ ಸೋತವು. ಇದನ್ನೇ ಅಬರ್ಡೀನ್ ಕದನ ಎನ್ನುತ್ತಾರೆ. ತಿವಾರಿಗೆ ಕ್ಷಮಾದಾನ ಸಿಕ್ಕಿತು.

ಆ ಕಾಲಕ್ಕೆ ಮದ್ರಾಸಿಗೆ ಸರಿಯಾದ ಬಂದರೇ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಜನ, ಸರಕು ಎರಡೂ ಹಗ್ಗದಿಂದ ಹೊಲಿದ ಹಲಗೆಗಳ ಮಸೂಲಾ ದೋಣಿಗಳಲ್ಲಿ ಅಲೆ ದಾಟಬೇಕಿತ್ತು. ಕೃತಕ ಬಂದರಿಗೆ 1875ರಲ್ಲಿ ಅಡಿಗಲ್ಲು ಬಿತ್ತು. 1881ರ ಚಂಡಮಾರುತ ಕಟ್ಟಿದ್ದನ್ನು ಕೆಡವಿತು, ಮತ್ತೆ ಕಟ್ಟಿದರು. ಹೀಗೆ ಎದ್ದ ಬಂದರು ದಕ್ಷಿಣ ಭಾರತದಿಂದ ಅಂಡಮಾನಿಗೆ ಬಾಗಿಲಾಯಿತು. ಆ ಬಾಗಿಲಿನಲ್ಲಿ ಮೊದಲು ಹೊಕ್ಕವರಲ್ಲಿ ಹೆಚ್ಚಿನವರು ತಮ್ಮ ಪ್ರಯಾಣವನ್ನು ತಾವು ಯೋಜಿಸಿದವರಲ್ಲ. ಕನ್ನಡದ 'ಕರಿನೀರಿನ ಶಿಕ್ಷೆ' ಎಂಬ ಮಾತು ಅವರ ದಾರಿಯ ಹೆಸರು: ಕಡಲು ದಾಟಿದರೆ ಜಾತಿ ಹೋಯಿತು, ಊರು ಹೋಯಿತು, ಮರಳಿ ಬರುವ ಆಸೆಯೂ ಹೋಯಿತು.

ವಿನಾಯಕ ದಾಮೋದರ ಸಾವರ್ಕರರನ್ನು ರೈಲಿನಲ್ಲಿ ಮದ್ರಾಸಿಗೆ ತಂದು 'ಮಹಾರಾಜ' ಎಂಬ ಹಡಗು ಹತ್ತಿಸಲಾಯಿತು. 1911ರ ಜುಲೈ 4ರಂದು ಅವರು ಪೋರ್ಟ್ ಬ್ಲೇರ್ ತಲುಪಿದರು. ಐದು ವರ್ಷ ಹಿಂದಷ್ಟೇ ಅಲ್ಲಿ ಏಳು ರೆಕ್ಕೆಗಳ ಸೆಲ್ಯುಲರ್ ಜೈಲು ಕಟ್ಟಿ ಮುಗಿದಿತ್ತು. ಇಂದು ಪ್ರವಾಸಿಗರು ನೋಡುವುದು ಅದರಲ್ಲಿ ಉಳಿದ ಮೂರು ರೆಕ್ಕೆಗಳನ್ನು. ಹತ್ತು ವರ್ಷ ಕಳೆದು, 1921ರ ಮಲಬಾರ್ ದಂಗೆಯ ನಂತರ, ಸಾವಿರಕ್ಕೂ ಹೆಚ್ಚು ಮಾಪಿಳ್ಳೆ ಕೈದಿಗಳನ್ನು ಅಂಡಮಾನಿಗೆ ಸಾಗಿಸಲಾಯಿತು. ಅವರಲ್ಲಿ ಅನೇಕರು ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಅಲ್ಲೇ ನೆಲೆನಿಂತರು.

ಅವರ ಕಥೆ ನಕಾಶೆಯಲ್ಲಿ ಉಳಿದಿದೆ. ಹವಳ ನೋಡಲು ಹೋಗುವವರು ದೋಣಿ ಹತ್ತುವ ಊರು ವಂಡೂರು. ಬಾರಾತಂಗ್ ದ್ವೀಪದಲ್ಲಿ ಇಳಿಯುವ ಜೆಟ್ಟಿಯ ಹೆಸರು ನಿಲಂಬೂರು. ಪೋರ್ಟ್ ಬ್ಲೇರಿನ ಆಸುಪಾಸಿನಲ್ಲಿ ಕ್ಯಾಲಿಕಟ್, ಮಂಜೇರಿ, ತಿರೂರು ಎಂಬ ಊರುಗಳಿವೆ. ಎಲ್ಲವೂ ಮಲಬಾರಿನ ಹೆಸರುಗಳೇ. ಊರಿಗೆ ಮರಳಲಾಗದವರು ಹೋದ ನೆಲಕ್ಕೇ ಊರಿನ ಹೆಸರಿಟ್ಟುಕೊಂಡರು. ಅದರ ಪಕ್ಕದಲ್ಲೇ ಅಬರ್ಡೀನ್ ಎಂಬ ಸ್ಕಾಟ್ಲೆಂಡಿನ ಹೆಸರೂ ಇದೆ. ಈಗ ಸರದಿ ಹೊಸ ಹೆಸರುಗಳದು: 2018ರಲ್ಲಿ ಹ್ಯಾವ್ಲಾಕ್ ದ್ವೀಪ ಸ್ವರಾಜ್ ದ್ವೀಪವಾಯಿತು, ನೀಲ್ ದ್ವೀಪ ಶಹೀದ್ ದ್ವೀಪವಾಯಿತು, 2024ರ ಸೆಪ್ಟೆಂಬರಿನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಎನಿಸಿಕೊಂಡಿತು. ಮೊದಲ ಸಲ ಹೋಗುವವರು ಟಿಕೆಟಿನಲ್ಲಿ ಒಂದು ಹೆಸರು, ಹಳೆಯ ಪುಸ್ತಕದಲ್ಲಿ ಇನ್ನೊಂದು ಹೆಸರು ಕಂಡು ಗಲಿಬಿಲಿಗೊಳ್ಳುವುದು ಸಹಜ.

ಎರಡನೇ ಮಹಾಯುದ್ಧದಲ್ಲಿ, 1942ರ ಮಾರ್ಚಿನಿಂದ ಮೂರೂವರೆ ವರ್ಷ, ದ್ವೀಪಗಳು ಜಪಾನಿಯರ ಕೈಯಲ್ಲಿದ್ದವು. ಯುದ್ಧ ಮುಗಿದ ಮೇಲೆ ಕೈದಿಗಳ ವಸಾಹತು ರದ್ದಾಯಿತು. ಸ್ವಾತಂತ್ರ್ಯದ ನಂತರ ಪೂರ್ವ ಬಂಗಾಳದ ನಿರಾಶ್ರಿತರಿಗೆ ಅಲ್ಲಿ ಭೂಮಿ ಕೊಟ್ಟರು. ಶ್ರೀಲಂಕಾದಿಂದ ವಾಪಸಾದ ತಮಿಳು ಕುಟುಂಬಗಳನ್ನು 1970ರ ದಶಕದಲ್ಲಿ ಕಚಾಲ್ ದ್ವೀಪದ ರಬ್ಬರ್ ತೋಟಕ್ಕೆ ಕಳಿಸಿದರು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅತಿ ಹೆಚ್ಚು ಜನರನ್ನು ಕಳೆದುಕೊಂಡ ದ್ವೀಪಗಳಲ್ಲಿ ಕಚಾಲ್ ಒಂದು. ಅದೇ ಬೆಳಿಗ್ಗೆ ಚೆನ್ನೈನ ಮರೀನಾವನ್ನೂ ಅದೇ ನೀರು ಹೊಡೆಯಿತು. 2011ರ ಜನಗಣತಿಯಂತೆ ದ್ವೀಪಸಮೂಹದಲ್ಲಿ ಬಂಗಾಳಿ ಮಾತಾಡುವವರು ಶೇ. 28ಕ್ಕೂ ಹೆಚ್ಚು, ತಮಿಳರು ಶೇ. 15, ತೆಲುಗರು ಶೇ. 13. ಬಜಾರಿನಲ್ಲಿ ಎಲ್ಲರನ್ನೂ ಕೂಡಿಸುವುದು ಕೈದಿಗಳ ಕಾಲದಲ್ಲೇ ಬೆಳೆದ ಬೆರಕೆ ಹಿಂದಿ.

ಇದು ಹೋದವರ ಕಥೆ. ಅಲ್ಲಿಯೇ ಇದ್ದವರ ಕಥೆಗೆ ಎರಡು ಅಂಕಿ ಸಾಕು. 1858ರಲ್ಲಿ ಹತ್ತು ಬುಡಕಟ್ಟುಗಳಾಗಿ ಹಲವು ಸಾವಿರವಿದ್ದ ಗ್ರೇಟ್ ಅಂಡಮಾನಿಗಳು 1901ರ ಜನಗಣತಿಯಲ್ಲಿ 625 ಮಂದಿ. 1961ರಲ್ಲಿ 19 ಮಂದಿ. ಬಂದೂಕಿಗಿಂತ ಹೆಚ್ಚು ಕೊಂದದ್ದು ಕಾಯಿಲೆ. ಅವರನ್ನು 'ಪಳಗಿಸಲು' ತೆರೆದ ಅಂಡಮಾನ್ ಹೋಮ್ ಎಂಬ ಆಶ್ರಯಗಳ ಮೂಲಕವೇ ಸಿಫಿಲಿಸ್ ಹರಡಿತು. 1877ರಲ್ಲಿ ದಡಾರ ಬಂತು. ಸಾವಿರಾರು ವರ್ಷ ಹೊರಗಿನವರ ಸಂಪರ್ಕವಿಲ್ಲದೆ ಬಾಳಿದವರ ಮೈಗೆ ಈ ರೋಗಗಳ ಪರಿಚಯವೇ ಇರಲಿಲ್ಲ.

ಜನರ ಜೊತೆ ಭಾಷೆಗಳೂ ಹೋದವು. 2010ರ ಜನವರಿ 26ರಂದು ಪೋರ್ಟ್ ಬ್ಲೇರಿನಲ್ಲಿ ತೀರಿಕೊಂಡ ಬೋವಾ ಸೀನಿಯರ್, ಬೋ ಭಾಷೆಯನ್ನಾಡುತ್ತಿದ್ದ ಕೊನೆಯವರು. ತಮ್ಮ ಭಾಷೆಯಲ್ಲಿ ಮಾತಾಡಲು ಕಡೆಗಾಲದಲ್ಲಿ ಅವರಿಗೆ ಯಾರೂ ಇರಲಿಲ್ಲ. ಅವರೊಂದಿಗೆ ಕೆಲಸ ಮಾಡಿದ ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ, ಗ್ರೇಟ್ ಅಂಡಮಾನಿ ಭಾಷೆಯ ವ್ಯಾಕರಣ ಮನುಷ್ಯನ ಮೈಯನ್ನೇ ಆಧರಿಸಿ ನಿಂತಿದೆ ಎಂದು ತೋರಿಸಿದ್ದಾರೆ. ಮೈಯ ಭಾಗಗಳಿಂದ ಬಂದ ಏಳು ವರ್ಗಗಳ ಗುರುತುಗಳು ನಾಮಪದಕ್ಕೂ ಕ್ರಿಯಾಪದಕ್ಕೂ ಅಂಟಿಕೊಳ್ಳುತ್ತವೆ. ಸಂಬಂಧಿಕರು, ವಸ್ತುಗಳು, ಕೆಲಸಗಳು ಎಲ್ಲವನ್ನೂ ಒಳಗು-ಹೊರಗು, ಬಾಯಿ-ಬೆನ್ನು ಎಂಬ ನೆಲೆಯಲ್ಲಿ ವಿಂಗಡಿಸುವ ಭಾಷೆ ಅದು. ಲೋಕವನ್ನು ನೋಡುವ ಇಂಥ ಕ್ರಮವೊಂದು ನೂರೈವತ್ತು ವರ್ಷಗಳಲ್ಲಿ ಅಳಿಯಿತು.

ಉತ್ತರ ಸೆಂಟಿನೆಲ್ ದ್ವೀಪದ ಪ್ರಸಂಗ ಇನ್ನೂ ಸಣ್ಣದು. 1880ರಲ್ಲಿ ಅಧಿಕಾರಿ ಎಂ. ವಿ. ಪೋರ್ಟ್‌ಮನ್ ಅಲ್ಲಿಂದ ವಯಸ್ಸಾದ ದಂಪತಿ ಮತ್ತು ನಾಲ್ಕು ಮಕ್ಕಳನ್ನು ಪೋರ್ಟ್ ಬ್ಲೇರಿಗೆ ಕರೆತಂದ. ದಂಪತಿ ಬೇಗನೆ ಕಾಯಿಲೆಯಿಂದ ಸತ್ತರು. ಮಕ್ಕಳನ್ನು ಉಡುಗೊರೆ ಕೊಟ್ಟು ವಾಪಸು ಬಿಟ್ಟರು. ಆ ಮಕ್ಕಳು ಉಡುಗೊರೆಯ ಜೊತೆಗೆ ಇನ್ನೇನು ಹೊತ್ತೊಯ್ದರೋ ಯಾರೂ ನೋಡಲಿಲ್ಲ. ಆ ದ್ವೀಪದವರು ಇಂದಿಗೂ ಬಾಣ ಹೂಡಿ ನಿಲ್ಲುವುದನ್ನು ಕಾಡುತನ ಎನ್ನುವವರು ಈ ಪ್ರಸಂಗವನ್ನು ಓದಬೇಕು. 1991ರಲ್ಲಿ ಮಾನವಶಾಸ್ತ್ರಜ್ಞರ ತಂಡವೊಂದರಿಂದ ಅವರು ತೆಂಗಿನಕಾಯಿ ಈಸಿಕೊಂಡರು. ಆ ತಂಡದಲ್ಲಿ ಮಧುಮಾಲಾ ಚಟ್ಟೋಪಾಧ್ಯಾಯ ಇದ್ದರು. ಆದರೆ ಕೆಲವೇ ವರ್ಷಗಳಲ್ಲಿ ಸರ್ಕಾರವೇ ಇಂಥ ಭೇಟಿಗಳನ್ನು ನಿಲ್ಲಿಸಿತು. ಸ್ನೇಹ ಬೆಳೆದರೆ ಕಾಯಿಲೆಯೂ ದಾಟುತ್ತದೆ ಎಂಬ ತಿಳಿವಳಿಕೆ ಅಷ್ಟರಲ್ಲಿ ಬಂದಿತ್ತು. 2018ರ ನವೆಂಬರಿನಲ್ಲಿ ಅಮೆರಿಕದ ಯುವಕನೊಬ್ಬ ನಿಷೇಧ ಮೀರಿ ಅಲ್ಲಿಗೆ ಹೋಗಿ ಸತ್ತಾಗ ಜಗತ್ತು ಅವನ ಸಾವಿನ ಬಗ್ಗೆ ಬಹಳ ಮಾತಾಡಿತು. ಅವನ ಕೆಮ್ಮು, ನೆಗಡಿ ದಡ ಮುಟ್ಟಿದ್ದರೆ ಏನಾಗುತ್ತಿತ್ತು ಎಂಬ ಬಗ್ಗೆ ಕಡಿಮೆ ಮಾತಾಡಿತು.

ಮೂಲನಿವಾಸಿ ಬುಡಕಟ್ಟುಗಳ ರಕ್ಷಣೆಗಾಗಿ 1956ರಲ್ಲಿ ನಿಯಮಾವಳಿಯೊಂದು ಜಾರಿಗೆ ಬಂತು. ಹೋಗುವವರ ಪಟ್ಟಿಗೆ 'ಅಲ್ಲಿದ್ದವರು' ಎಂಬ ಕಲಮು ಸೇರಿದ್ದು ಆಗ. ಭಾರತೀಯರಿಗೆ ಪೋರ್ಟ್ ಬ್ಲೇರ್, ಸ್ವರಾಜ್ ದ್ವೀಪ, ಶಹೀದ್ ದ್ವೀಪಗಳಿಗೆ ವಿಶೇಷ ಪರವಾನಗಿ ಬೇಡ. ಬುಡಕಟ್ಟುಗಳಿಗೆ ಮೀಸಲಾದ ಜಾಗಗಳಿಗೆ ಆಡಳಿತದ ಅನುಮತಿಯಿಲ್ಲದೆ ಹೋಗುವಂತಿಲ್ಲ. ನಿಕೋಬಾರ್ ಸಾಮಾನ್ಯವಾಗಿ ಪ್ರವಾಸಿಗರಿಗೆ ತೆರೆದಿಲ್ಲ. ಉತ್ತರ ಸೆಂಟಿನೆಲ್ ಸುತ್ತ ಐದು ನಾಟಿಕಲ್ ಮೈಲಿಯೊಳಗೆ ಯಾವ ದೋಣಿಯೂ ಹೋಗಬಾರದು.

ಆದರೆ ನಿಯಮ ಒಂದು ಕಡೆ, ರಸ್ತೆ ಇನ್ನೊಂದು ಕಡೆ. ಜಾರವಾ ಜನರ ಕಾಡನ್ನು ಸೀಳಿಕೊಂಡು ಅಂಡಮಾನ್ ಟ್ರಂಕ್ ರೋಡ್ ಹೋಗುತ್ತದೆ. 1990ರ ದಶಕದ ಕೊನೆಯಲ್ಲಿ ಜಾರವಾಗಳು ಕಾಡಿನಿಂದ ಹೊರಗೆ ಬರತೊಡಗಿದ ಸ್ವಲ್ಪ ಕಾಲದಲ್ಲೇ, 1999ರಲ್ಲಿ, ಅವರಲ್ಲಿ ದಡಾರ ಹರಡಿತು. 2002ರಲ್ಲಿ ಸುಪ್ರೀಂ ಕೋರ್ಟು ಮೀಸಲು ಪ್ರದೇಶದೊಳಗಿನ ರಸ್ತೆಯನ್ನು ಮುಚ್ಚುವಂತೆ ಆದೇಶಿಸಿತು. ರಸ್ತೆ ಮುಚ್ಚಲಿಲ್ಲ. ಜಿರ್ಕಾತಂಗ್ ಠಾಣೆಯಲ್ಲಿ ಗಾಡಿಗಳನ್ನು ಸಾಲುಗಟ್ಟಿಸಿ ಬೆಂಗಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸಬಾರದು, ಫೋಟೋ ತೆಗೆಯಬಾರದು, ತಿನ್ನಲು ಏನನ್ನೂ ಎಸೆಯಬಾರದು. ಹಾಗಿದ್ದೂ 2012ರಲ್ಲಿ ಜಾರವಾ ಹೆಣ್ಣುಮಕ್ಕಳನ್ನು ಪ್ರವಾಸಿಗರ ಮುಂದೆ ಕುಣಿಸಿದ ವಿಡಿಯೋ ಬಯಲಾಗಿ ದೇಶ ತಲೆತಗ್ಗಿಸಿತು. 2011ರ ಜನಗಣತಿಯಲ್ಲಿ ಜಾರವಾಗಳ ಸಂಖ್ಯೆ 380. ಚೆನ್ನೈನಿಂದ ಹೋಗುವ ಹಡಗೊಂದರಲ್ಲಿ ಅದಕ್ಕಿಂತ ಹೆಚ್ಚು ಜನ ಹಿಡಿಸುತ್ತಾರೆ.

ಕನ್ನಡದ ಹಲವು ಓದುಗರಿಗೆ ಅಂಡಮಾನಿನ ಆಸೆ ಹುಟ್ಟಿಸಿದ್ದು ಪೂರ್ಣಚಂದ್ರ ತೇಜಸ್ವಿಯವರ 'ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್'. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಜೈಲು, ಹವಳ, ಸಮುದ್ರ, ವಂಡೂರು ಎಲ್ಲವೂ ತೆರೆದೇ ಇವೆ. ಉತ್ತರಕ್ಕೆ ರಂಗತ್ ಕಡೆ ಹೋಗಬೇಕೆನ್ನುವವರಿಗೆ ಪೋರ್ಟ್ ಬ್ಲೇರಿನಿಂದ ಸರ್ಕಾರಿ ದೋಣಿಗಳೂ ಇವೆ. ರಸ್ತೆಗಿಂತ ಹೊತ್ತು ಹಿಡಿಯುತ್ತದೆ, ಟಿಕೆಟು ಸಿಗುವುದೂ ಕಷ್ಟ. ಆದರೆ ಆ ದಾರಿ ಯಾರ ಮನೆಯಂಗಳವನ್ನೂ ಹಾದುಹೋಗುವುದಿಲ್ಲ. ಚೆನ್ನೈನಲ್ಲಿ ಕೂತು ಪಟ್ಟಿ ಮಾಡುವಾಗಲೇ ದೋಣಿಗೆ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡರೆ ಆಯಿತು.