ಮನೆ ಬಿಟ್ಟವರ ನುಡಿಮನೆ: ಚೀನೀ ಭಾಷೆಯಲ್ಲಿ ಬೌದ್ಧ ಭಿಕ್ಷುಜೀವನದ ಪದಗಳು

ಚೀನಾದಲ್ಲಿ ಬೌದ್ಧಧರ್ಮ ಹರಡಿದ ಚರಿತ್ರೆಯನ್ನು ಬಹುಮಟ್ಟಿಗೆ ಭಾಷಾಂತರಕಾರರ ಚರಿತ್ರೆಯಾಗಿ ಬರೆಯಲಾಗಿದೆ. ಕ್ರಿ.ಶ. 148ರಲ್ಲಿ ಲುವೊಯಾಂಗ್ ನಗರಕ್ಕೆ ಬಂದ ಪಾರ್ಥಿಯಾದ ಆನ್ ಷಿಗಾವೊ, 401ರಲ್ಲಿ ಚಾಂಗಾನ್‌ಗೆ ಬಂದ ಕುಚಾದ ಕುಮಾರಜೀವ, 645ರಲ್ಲಿ ಭಾರತದಿಂದ ಮರಳಿದ ಹ್ಯೂಯೆನ್‌ತ್ಸಾಂಗ್, 695ರಲ್ಲಿ ಮರಳಿದ ಇತ್ಸಿಂಗ್ - ಇವರ ಸಾಧನೆ ಅಸಾಧಾರಣವಾದುದು. ಆದರೆ ಗ್ರಂಥದಲ್ಲಿ ಬರೆದ ಪದವೆಲ್ಲ ಜನರ ಬಾಯಲ್ಲಿ ನಿಲ್ಲುವುದಿಲ್ಲ. ಬೀದಿಯಲ್ಲಿ ಭಿಕ್ಷಾಪಾತ್ರೆ ಹಿಡಿದು ಬಂದ ವ್ಯಕ್ತಿಯನ್ನು ಏನೆಂದು ಕರೆಯಬೇಕು ಎಂಬುದನ್ನು ನಿರ್ಧರಿಸಿದವರು ಆತನಿಗೆ ಅನ್ನ ಹಾಕಿದ ಜನರು. ಭಿಕ್ಷುಗಳಿಗೆ ಹಾಗೂ ಅವರ ವಿಹಾರಜೀವನಕ್ಕೆ ಸಂಬಂಧಿಸಿದ ಕೆಲವು ಚೀನೀ ಪದಗಳನ್ನು ಜಾನಪದ ದೃಷ್ಟಿಯಿಂದ ಪರಿಶೀಲಿಸಿ, ಮನೆಯನ್ನು ತೊರೆದ ಸಂನ್ಯಾಸಿಗೆ ಚೀನೀ ಸಮಾಜವು ಭಾಷೆಯ ಮೂಲಕ ಮತ್ತೊಂದು ಮನೆಯನ್ನು ಕಟ್ಟಿಕೊಟ್ಟಿತು ಎಂಬುದನ್ನು ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇಲ್ಲಿ ಬಳಸಿರುವ ಚೀನೀ ರೂಪಗಳು ಇಂದಿನ ಮ್ಯಾಂಡರಿನ್ ಉಚ್ಚಾರಣೆಗೆ ಸಮೀಪವಾದವು. ಪ್ರಾಚೀನ ಉಚ್ಚಾರಣೆ ಇವುಗಳಿಗಿಂತ ಭಿನ್ನವಾಗಿತ್ತು.

1. ಧ್ವನಿಯ ದಾರಿ ಮತ್ತು ಅರ್ಥದ ದಾರಿ

ಪರಭಾಷೆಯ ಪದವನ್ನು ಸ್ವೀಕರಿಸಲು ಚೀನೀಯರ ಮುಂದೆ ಎರಡು ದಾರಿಗಳಿದ್ದವು. ಪದದ ಧ್ವನಿಯನ್ನು ಚೀನೀ ಅಕ್ಷರಗಳಲ್ಲಿ ಹಿಡಿಯುವುದು ಒಂದು. ಪದದ ಅರ್ಥವನ್ನು ಚೀನೀ ನುಡಿಯಲ್ಲಿ ಹೇಳುವುದು ಇನ್ನೊಂದು. ಭಿಕ್ಷು 'ಬಿಚ್ಯೂ' ಆದುದು, ಶ್ರಾಮಣೇರ 'ಷಾಮಿ' ಆದುದು, ಕಾಷಾಯ 'ಜಿಯಾಷಾ' ಆದುದು, ಪಾತ್ರ 'ಬೋ' ಆದುದು, ಧ್ಯಾನ 'ಚಾನ್' ಆದುದು ಮೊದಲ ದಾರಿಯಲ್ಲಿ. ಪ್ರವ್ರಜ್ಯೆಯು 'ಚುಜಿಯಾ' ಆದುದು, ವರ್ಷಾವಾಸವು 'ಆನ್‌ಜು' ಆದುದು ಎರಡನೆಯ ದಾರಿಯಲ್ಲಿ. ಯಾವ ಪದವನ್ನು ಅನುವಾದಿಸಬಾರದು ಎಂಬ ಬಗ್ಗೆ ಹ್ಯೂಯೆನ್‌ತ್ಸಾಂಗನ ಹೆಸರಿನಲ್ಲಿ ಐದು ನಿಯಮಗಳು ಪ್ರಸಿದ್ಧವಾಗಿವೆ. ಮಂತ್ರದಂತಹ ರಹಸ್ಯ ಪದಗಳು, ಅನೇಕಾರ್ಥಗಳುಳ್ಳ ಪದಗಳು, ಜಂಬೂವೃಕ್ಷದಂತೆ ಚೀನಾದಲ್ಲಿ ಇಲ್ಲದ ವಸ್ತುಗಳ ಹೆಸರುಗಳು, ಹಿಂದಿನಿಂದ ರೂಢಿಯಲ್ಲಿರುವ ಪದಗಳು, ಅನುವಾದಿಸಿದರೆ ಗೌರವ ಕುಗ್ಗುವ ಪದಗಳು - ಇವನ್ನು ಧ್ವನಿರೂಪದಲ್ಲೇ ಉಳಿಸಬೇಕೆಂಬುದು ಆ ನಿಯಮಗಳ ಸಾರ.

ಇದು ಪಂಡಿತರ ಮಾರ್ಗ. ಇದರ ಪಕ್ಕದಲ್ಲಿಯೇ ಒಂದು ದೇಸಿಯೂ ಹರಿಯಿತು. ಶ್ರಮಣ ಎಂಬುದು ಚೀನಾದಲ್ಲಿ 'ಷಾಮೆನ್' ಆಯಿತು. ಸಂಸ್ಕೃತದ ರೇಫೆ ಇಲ್ಲಿ ಕಾಣುವುದಿಲ್ಲ. ಏಕೆಂದರೆ ಈ ಪದ ಸಂಸ್ಕೃತ ಗ್ರಂಥದಿಂದಲ್ಲ, ಪ್ರಾಕೃತ ಹಾಗೂ ಮಧ್ಯ ಏಷ್ಯಾದ ಆಡುನುಡಿಗಳಿಂದ ಅಲ್ಲಿಗೆ ಬಂದುದು. ಕನ್ನಡದ 'ಸವಣ'ವೂ ಪ್ರಾಕೃತದ 'ಸಮಣ'ದಿಂದ ಇದೇ ರೀತಿ ರೇಫೆಯನ್ನು ಕಳೆದುಕೊಂಡು ಬಂದ ಪದ. ಒಂದೇ ತಾಯಿಯ ಈ ಎರಡು ಮಕ್ಕಳಲ್ಲಿ ಒಂದು ಚೀನಾದಲ್ಲಿ ಬೌದ್ಧ ಭಿಕ್ಷುವನ್ನೂ ಮತ್ತೊಂದು ಕರ್ನಾಟಕದಲ್ಲಿ ಜೈನ ಮುನಿಯನ್ನೂ ಸೂಚಿಸುವಂತಾದುದು ಗಮನಾರ್ಹ.

2. ಹೆಷಾಂಗ್ ಮತ್ತು ಓಜ

ಭಿಕ್ಷುವಿಗೆ ಚೀನೀ ಜನಬಳಕೆಯಲ್ಲಿರುವ ಅತ್ಯಂತ ಪರಿಚಿತ ಪದ 'ಹೆಷಾಂಗ್'. ಇದರ ಮೂಲ ಸಂಸ್ಕೃತದ 'ಉಪಾಧ್ಯಾಯ'. ಭಿಕ್ಷುವಿಗೆ ದೀಕ್ಷೆ ಕೊಡಿಸುವ ಗುರುವಿಗೆ ವಿನಯಪಿಟಕದಲ್ಲಿ ಈ ಹೆಸರಿದೆ. ಉಪಾಧ್ಯಾಯಕ್ಕೂ ಹೆಷಾಂಗ್‌ಗೂ ಮೇಲ್ನೋಟಕ್ಕೆ ಯಾವ ಹೋಲಿಕೆಯೂ ಕಾಣದು. ಪ್ರಾಕೃತದಲ್ಲಿ 'ಉವಜ್ಝಾಯ' ಆಗಿ, ಖೋತಾನ್ ಮೊದಲಾದ ಮಧ್ಯ ಏಷ್ಯಾದ ನಾಡುಗಳ ನಾಲಿಗೆಯಲ್ಲಿ ಮತ್ತಷ್ಟು ಸವೆದು ಆ ಪದ ಚೀನಾವನ್ನು ತಲುಪಿತೆಂಬುದು ವಿದ್ವಾಂಸರಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ.

ನಾಲಂದದಲ್ಲಿ ಸುಮಾರು ಹತ್ತು ವರ್ಷ ವ್ಯಾಸಂಗ ಮಾಡಿದ ಇತ್ಸಿಂಗ್ 7ನೆಯ ಶತಮಾನದ ಕೊನೆಯಲ್ಲಿ ಬರೆದ ತನ್ನ ವಿವರಣೆಯಲ್ಲಿ ಈ ಪದವನ್ನು ಆಕ್ಷೇಪಿಸುತ್ತಾನೆ. ಸರಿಯಾದ ರೂಪ ಉಪಾಧ್ಯಾಯವೆಂದೂ, ಅದರ ಅರ್ಥ 'ಆತ್ಮೀಯ ಗುರು' ಎಂದೂ ಹೇಳಿ, ಭಾರತದಲ್ಲಿ ವಿದ್ಯಾವಂತರನ್ನೆಲ್ಲ ಸಾಮಾನ್ಯವಾಗಿ 'ವುಷೆ' ಎಂದು ಕರೆಯುತ್ತಾರೆ, ಆದರೆ ಅದು ಶಾಸ್ತ್ರಗ್ರಂಥದ ಮಾತಲ್ಲ ಎಂದು ಸ್ಪಷ್ಟಪಡಿಸುತ್ತಾನೆ. ಇತ್ಸಿಂಗ್ ತಪ್ಪನ್ನು ತಿದ್ದಲು ಹೊರಟು ನಮಗೊಂದು ಅಮೂಲ್ಯ ಸಾಕ್ಷ್ಯವನ್ನು ಬಿಟ್ಟುಹೋಗಿದ್ದಾನೆ. ಉಪಾಧ್ಯಾಯದ ತದ್ಭವವೊಂದು 7ನೆಯ ಶತಮಾನದ ಭಾರತದಲ್ಲಿ ವಿದ್ಯಾವಂತರೆಲ್ಲರಿಗೂ ಅನ್ವಯವಾಗುವ ಆಡುಮಾತಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಕನ್ನಡದ 'ಓಜ' ಇದೇ ಕುಲಕ್ಕೆ ಸೇರಿದ ಪದ. ಉಪಾಧ್ಯಾಯದ ತದ್ಭವವಾದ ಇದು ಹಳಗನ್ನಡದಲ್ಲಿ ಗುರು ಎಂಬ ಅರ್ಥದಲ್ಲಿ ಬಳಕೆಯಾಗಿ, ಶಾಸನಗಳಲ್ಲಿ ಶಿಲ್ಪಿಗಳ ಹೆಸರಿನ ಕೊನೆಯ ಭಾಗವಾಗಿ ನಿಂತಿತು. ಬೇಲೂರಿನ ಶಿಲ್ಪಗಳ ಮೇಲೆ ಹೆಸರುಳ್ಳ ದಾಸೋಜ ಬಳ್ಳಿಗಾವೆಯವನು. ಆ ಬಳ್ಳಿಗಾವೆಯಲ್ಲಿ 11ನೆಯ ಶತಮಾನದಲ್ಲಿ ಬೌದ್ಧ ವಿಹಾರವೂ ಇದ್ದಿತು. ಹೀಗೆ ಒಂದೇ ಪದ ಉತ್ತರಕ್ಕೆ ಹೋಗಿ ಬೋಳುತಲೆಯ ಭಿಕ್ಷುವಾಯಿತು. ದಕ್ಷಿಣಕ್ಕೆ ಬಂದು ಉಳಿ ಹಿಡಿದ ಶಿಲ್ಪಿಯಾಯಿತು. ಎರಡೂ ಕಡೆ ಗ್ರಂಥದ ಪದಕ್ಕಿಂತ ಸವೆದ ಪದವೇ ಗಟ್ಟಿಯಾಗಿ ಉಳಿಯಿತು.

ಇತ್ಸಿಂಗನ ತಿದ್ದುಪಡಿಯನ್ನು ಚೀನೀ ಜನ ಒಪ್ಪಲಿಲ್ಲ. ಹೆಷಾಂಗ್ ಎಂಬುದನ್ನು ಬರೆಯಲು ಬಳಸುವ ಅಕ್ಷರಗಳಲ್ಲಿ ಮೊದಲನೆಯದಕ್ಕೆ 'ಸಾಮರಸ್ಯ' ಎಂಬ ಅರ್ಥವೂ ಎರಡನೆಯದಕ್ಕೆ 'ಗೌರವಿಸು' ಎಂಬ ಅರ್ಥವೂ ಇರುವುದರಿಂದ, ಸಾಮರಸ್ಯವನ್ನು ಗೌರವಿಸುವವನೇ ಹೆಷಾಂಗ್ ಎಂಬ ಜನಪದ ನಿರುಕ್ತಿ ಹುಟ್ಟಿಕೊಂಡಿತು. ಇಂತಹ ನಿರುಕ್ತಿ ಭಾಷಾಶಾಸ್ತ್ರಕ್ಕೆ ತಪ್ಪು. ಜಾನಪದಕ್ಕೆ ಅದು ಆಕರ. ಭಿಕ್ಷು ಹೇಗಿರಬೇಕೆಂದು ಜನ ಬಯಸಿದರು ಎಂಬುದನ್ನು ಅದು ಹೇಳುತ್ತದೆ. ಕಾಲಾನಂತರ ಈ ಪದದ ಗೌರವ ಕುಗ್ಗಿತು. ಇಂದು ಭಿಕ್ಷುವನ್ನು ಎದುರಿಗೆ ಹೆಷಾಂಗ್ ಎಂದು ಕರೆಯುವುದು ಸಭ್ಯತೆಯಲ್ಲ. 'ಫಾಷಿ' (ಧರ್ಮಗುರು) ಅಥವಾ 'ಷಿಫು' ಎನ್ನಬೇಕು. ಆದರೆ ಇದೇ ಪದ ವಿಯೆಟ್ನಾಮಿನಲ್ಲಿ ಹಿರಿಯ ಭಿಕ್ಷುಗಳಿಗೆ ಮಾತ್ರ ಸಲ್ಲುವ ಉನ್ನತ ಬಿರುದಾಗಿ ಉಳಿದಿದೆ.

3. ಸಂಘವು ವ್ಯಕ್ತಿಯಾದ ಬಗೆ

ಭಿಕ್ಷುವನ್ನು ಸೂಚಿಸುವ ಮತ್ತೊಂದು ವ್ಯಾಪಕ ಪದ 'ಸೆಂಗ್'. ಇದು 'ಸಂಘ' ಎಂಬುದರ ಧ್ವನಿರೂಪವಾದ 'ಸೆಂಗ್‌ಚಿಯೆ'ಯ ಸಂಕ್ಷೇಪ. ಭಾರತೀಯ ವಿನಯದ ಪ್ರಕಾರ ಕನಿಷ್ಠ ನಾಲ್ವರು ಭಿಕ್ಷುಗಳಿಲ್ಲದೆ ಸಂಘವಿಲ್ಲ. ಚೀನಾದಲ್ಲಿ ಒಬ್ಬನೇ ಭಿಕ್ಷುವೂ 'ಸೆಂಗ್' ಆದನು. ಈ ವಿಪರ್ಯಾಸ ಚೀನೀ ವಿದ್ವಾಂಸರ ಗಮನಕ್ಕೂ ಬಂದಿತ್ತು. ಸೋಂಗ್ ರಾಜವಂಶದ ಆರಂಭಕಾಲದ ಭಿಕ್ಷು ಝಾನ್‌ನಿಂಗ್ (919-1001) ಇದನ್ನು ಸಮರ್ಥಿಸುತ್ತಾ, 12,500 ಜನ ಸೇರಿದರೆ ಒಂದು ಸೇನೆ. ಆದರೂ ಅದರಲ್ಲಿನ ಒಬ್ಬನನ್ನೂ ಸೇನೆಯ ಹೆಸರಿನಿಂದಲೇ ಕರೆಯುವ ರೂಢಿಯಿಲ್ಲವೆ ಎಂಬ ಹೋಲಿಕೆಯನ್ನು ನೀಡುತ್ತಾನೆ. ಒಬ್ಬ ಯತಿಯನ್ನು 'ಸ್ವಾಮಿಗಳು' ಎಂದು ಬಹುವಚನದಲ್ಲಿ ಕರೆಯುವ ನಮಗೆ ಇದು ವಿಚಿತ್ರವೆನಿಸದು. ನಮ್ಮಲ್ಲಿ ಬಹುವಚನವು ಗೌರವಸೂಚಕ. ಅಲ್ಲಿ ಸಮೂಹವಾಚಕವು ಸದಸ್ಯತ್ವಸೂಚಕ. ಒಬ್ಬನು ಎಲ್ಲಿಗೇ ಹೋದರೂ ಅವನ ಹಿಂದೆ ಒಂದು ಸಮುದಾಯವಿದೆ ಎಂಬ ಭಾವ ಆ ಪದದಲ್ಲಿದೆ.

4. ಬಿಟ್ಟ ಮನೆ, ಕಟ್ಟಿದ ಮನೆ

ಸಂನ್ಯಾಸ ಸ್ವೀಕಾರಕ್ಕೆ ಚೀನೀಯರು ಆರಿಸಿಕೊಂಡ 'ಚುಜಿಯಾ' ಎಂಬ ಪದದ ನೇರ ಅರ್ಥ 'ಮನೆಯಿಂದ ಹೊರಹೋಗು'. ಕುಟುಂಬ ಮತ್ತು ಪಿತೃಪೂಜೆಯೇ ನೈತಿಕತೆಯ ತಳಹದಿಯಾಗಿದ್ದ ಸಮಾಜದಲ್ಲಿ ಇದು ಸುಲಭವಾಗಿ ಜೀರ್ಣವಾಗುವ ಮಾತಾಗಿರಲಿಲ್ಲ. ತಂದೆತಾಯಿಗಳು ಕೊಟ್ಟ ದೇಹ, ಕೂದಲು, ಚರ್ಮಗಳಿಗೆ ಹಾನಿ ಮಾಡದಿರುವುದೇ ಮಕ್ಕಳ ಧರ್ಮದ ಆರಂಭವೆಂದು 'ಷಿಯಾವೊಜಿಂಗ್' ಎಂಬ ಕನ್‌ಫ್ಯೂಷಿಯನ್ ಗ್ರಂಥ ಬೋಧಿಸಿತ್ತು. ಭಿಕ್ಷುವಾದರೋ ತಲೆ ಬೋಳಿಸಿಕೊಂಡು, ಸಂತಾನವಿಲ್ಲದೆ, ಮನೆತನದ ಹೆಸರನ್ನೂ ತೊರೆಯುತ್ತಿದ್ದನು. ಬೌದ್ಧವಿರೋಧಿಗಳ ಟೀಕೆ ಶತಮಾನಗಳ ಕಾಲ ಮತ್ತೆ ಮತ್ತೆ ಈ ಅಂಶದ ಮೇಲೆಯೇ ಬಿದ್ದಿತು.

ಇದಕ್ಕೆ ತತ್ತ್ವಶಾಸ್ತ್ರ ಕೊಟ್ಟ ಉತ್ತರಗಳು ಹಲವು. ಭಾಷೆ ಕೊಟ್ಟ ಉತ್ತರ ಇನ್ನೂ ನೇರವಾದುದು. ಆರಂಭದ ಭಿಕ್ಷುಗಳು ತಮ್ಮ ಗುರುವಿನ ನಾಡನ್ನು ಸೂಚಿಸುವ ಅಡ್ಡಹೆಸರನ್ನು ಇಟ್ಟುಕೊಳ್ಳುತ್ತಿದ್ದರು. ಭಾರತದವರಿಗೆ 'ಝು', ಪಾರ್ಥಿಯಾದವರಿಗೆ 'ಆನ್', ಯುಯೆಝಿಗಳಿಗೆ 'ಝಿ', ಸೊಗ್ಡಿಯಾದವರಿಗೆ 'ಕಾಂಗ್'. ದಾವೊಆನ್ (312-385) ಎಂಬ ಭಿಕ್ಷು, ಎಲ್ಲರ ಮೂಲಗುರು ಶಾಕ್ಯಮುನಿಯೇ ಆದುದರಿಂದ ಎಲ್ಲರ ಕುಲನಾಮವೂ ಶಾಕ್ಯ ಎಂಬುದರ ಸಂಕ್ಷೇಪವಾದ 'ಷಿ' ಆಗಬೇಕೆಂದು ಸೂಚಿಸಿದನು. ನಾಲ್ಕು ನದಿಗಳು ಸಮುದ್ರವನ್ನು ಸೇರಿದಾಗ ಹೆಸರು ಕಳೆದುಕೊಳ್ಳುವಂತೆ ನಾಲ್ಕು ವರ್ಣದವರೂ ಶ್ರಮಣರಾದಾಗ ಶಾಕ್ಯರೇ ಆಗುತ್ತಾರೆ ಎಂಬ ಆಗಮವಾಕ್ಯ ಆ ಬಳಿಕ ಚೀನಾದಲ್ಲಿ ದೊರೆತು ಅವನ ಮಾತಿಗೆ ಆಧಾರವಾಯಿತೆಂದು ಭಿಕ್ಷುಚರಿತ್ರೆಗಳು ತಿಳಿಸುತ್ತವೆ. ಭಾರತದಲ್ಲಿ ವರ್ಣವನ್ನು ಅಳಿಸಿದ ಹೆಸರು ಚೀನಾದಲ್ಲಿ ಒಂದು ಹೊಸ ವಂಶದ ಹೆಸರಾದುದು ಇಲ್ಲಿನ ವೈಶಿಷ್ಟ್ಯ. ಚೀನೀ ಭಿಕ್ಷು-ಭಿಕ್ಷುಣಿಯರು ಇಂದಿಗೂ ಈ ಕುಲನಾಮವನ್ನೇ ಧರಿಸುತ್ತಾರೆ.

ಕುಲನಾಮ ಬಂದ ಮೇಲೆ ನೆಂಟಸ್ತಿಕೆ ಬಾರದಿರದು. ಗುರುವನ್ನು 'ಷಿಫು' ಎನ್ನುತ್ತಾರೆ. ಇಲ್ಲಿನ 'ಷಿ' ಗುರು ಎಂಬರ್ಥದ ಬೇರೆಯೇ ಪದ. 'ಫು' ಎಂದರೆ ತಂದೆ. ಜೊತೆಗೆ ದೀಕ್ಷೆ ಪಡೆದವರಲ್ಲಿ ಹಿರಿಯನು ಗುರು-ಅಣ್ಣ, ಕಿರಿಯನು ಗುರು-ತಮ್ಮ. ಗುರುವಿನ ಸಹಪಾಠಿ ಗುರು-ಚಿಕ್ಕಪ್ಪ. ಗುರುವಿನ ಗುರು ಅಜ್ಜ. ಶಿಷ್ಯನ ಶಿಷ್ಯ ಮೊಮ್ಮಗ. ಗುರುವಿನಿಂದ ಸ್ವಂತ ಶಿಷ್ಯನಿಗೆ ಆಸ್ತಿ ಬರುವ ಚಿಕ್ಕ ಗುಡಿಗಳಿಗೆ 'ಜಿಸುನ್ ಮಿಯಾವೊ', ಎಂದರೆ 'ಮಕ್ಕಳು-ಮೊಮ್ಮಕ್ಕಳ ಗುಡಿ' ಎಂಬ ಹೆಸರಿದೆ. ಎಲ್ಲ ದಿಕ್ಕುಗಳ ಭಿಕ್ಷುಗಳಿಗೂ ತೆರೆದಿರುವ ದೊಡ್ಡ ವಿಹಾರಗಳಿಗೆ 'ತ್ಸೊಂಗ್‌ಲಿನ್', ಎಂದರೆ 'ದಟ್ಟ ತೋಪು' ಎಂಬ ಹೆಸರು. ಶಿಷ್ಯನನ್ನು ಗುರುವಿನ 'ಕರಕಮಲಸಂಜಾತ'ನೆಂದು ಕರೆಯುವ ನಮ್ಮ ವೀರಶೈವ ಮಠಪರಂಪರೆಯಲ್ಲಿಯೂ ದೀಕ್ಷೆಯನ್ನು ಹುಟ್ಟಿನ ಭಾಷೆಯಲ್ಲಿಯೇ ಹೇಳಲಾಗಿದೆ.

ಭಿಕ್ಷುಣಿಯ ಹೆಸರು ಈ ದೃಷ್ಟಿಯಿಂದ ಇನ್ನಷ್ಟು ಕುತೂಹಲಕರ. ಗ್ರಂಥಗಳ 'ಬಿಚ್ಯೂನಿ'ಯಿಂದ ಕೊನೆಯ 'ನಿ' ಮಾತ್ರ ಬೇರ್ಪಟ್ಟು ಸ್ವತಂತ್ರ ಪದವಾಯಿತು. ಸಂಸ್ಕೃತದಲ್ಲಿ ಬರಿಯ ಸ್ತ್ರೀಪ್ರತ್ಯಯದ ತುಣುಕಾಗಿದ್ದುದು ಚೀನೀಯಲ್ಲಿ ಒಂದು ಜೀವನಕ್ರಮದ ಹೆಸರಾಯಿತು. ಜನ ಅದಕ್ಕೆ ಸೋದರತ್ತೆ ಎಂಬರ್ಥದ 'ಗು'ವನ್ನು ಸೇರಿಸಿ 'ನಿಗು' ಎಂದರು. ಸಿಂಹಳದಿಂದ ಬಂದ ಭಿಕ್ಷುಣಿಯರ ನೆರವಿನಿಂದ 5ನೆಯ ಶತಮಾನದ ಮೂವತ್ತರ ದಶಕದಲ್ಲಿ ನಾನ್‌ಜಿಂಗ್‌ನಲ್ಲಿ ಶಾಸ್ತ್ರೋಕ್ತ ಉಪಸಂಪದೆ ನಡೆದು, ಚೀನೀ ಭಿಕ್ಷುಣೀಸಂಘ ಭದ್ರವಾಯಿತು. ಶಾಸ್ತ್ರದ ಮಾನ್ಯತೆಯನ್ನು ದೂರದ ದ್ವೀಪದಿಂದ ತಂದುಕೊಂಡ ಈ ಮಹಿಳೆಯರಿಗೆ ಮನೆಮಂದಿಯ ಹೆಸರನ್ನು ಕೊಟ್ಟವರು ನೆರೆಹೊರೆಯ ಜನ. ಮಹಾದೇವಿಯನ್ನು 'ಅಕ್ಕ' ಎಂದು ಕರೆದ ಕನ್ನಡಿಗರಿಗೆ ಇದರ ಒಳಾರ್ಥ ತಿಳಿಯದಿರದು.

5. ಕಚೇರಿ, ಕೋಣೆ, ಅಡುಗೆಮನೆ

ವಿಹಾರಕ್ಕೆ ಚೀನೀಯಲ್ಲಿ 'ಸಿ' ಎಂಬ ಹೆಸರಿದೆ. ಬೌದ್ಧಧರ್ಮ ಬರುವುದಕ್ಕೆ ಮೊದಲು ಇದರ ಅರ್ಥ ಸರಕಾರಿ ಕಚೇರಿ. ಸಾಮ್ರಾಟ ಮಿಂಗ್‌ನ ಕಾಲದಲ್ಲಿ, ಕ್ರಿ.ಶ. 68ರಲ್ಲಿ, ಲುವೊಯಾಂಗ್‌ನಲ್ಲಿ ಶ್ವೇತಾಶ್ವ ವಿಹಾರ ಸ್ಥಾಪನೆಯಾಯಿತೆಂಬ ಐತಿಹ್ಯವು, ವಿದೇಶಿ ಭಿಕ್ಷುಗಳನ್ನು ಮೊದಲು ಅತಿಥಿಗಳ ಕಚೇರಿಯಲ್ಲಿ ಇರಿಸಿದ್ದರಿಂದ ಈ ಹೆಸರು ಬಂದಿತೆಂದು ವಿವರಿಸುತ್ತದೆ. ಐತಿಹ್ಯದ ವಿವರಗಳು ಚರ್ಚಾಸ್ಪದವಾದರೂ ಪದದ ಹಳೆಯ ಅರ್ಥ ನಿಶ್ಚಿತ. ಪ್ರಭುತ್ವದ ನೆರಳು ಈ ಪದಕ್ಕೆ ಅಂಟಿಕೊಂಡೇ ಇತ್ತು. ಹುಯಿಯುವಾನ್ (334-416) ಶ್ರಮಣರು ಅರಸರಿಗೆ ತಲೆಬಾಗಬೇಕಿಲ್ಲವೆಂದು 404ರಲ್ಲಿ ಪ್ರಬಂಧವನ್ನೇ ಬರೆದನು. ಆದರೂ ತಾಂಗ್ ಕಾಲದಿಂದ 'ದುದಿಯೆ' ಎಂಬ ಸರಕಾರಿ ದೀಕ್ಷಾಪತ್ರವಿಲ್ಲದೆ ಭಿಕ್ಷುವಿಗೆ ಮಾನ್ಯತೆಯಿರಲಿಲ್ಲ. ಸೋಂಗ್ ಕಾಲದಲ್ಲಿ ಅದನ್ನು ಮಾರಿ ಬೊಕ್ಕಸ ತುಂಬಿಸಿಕೊಳ್ಳಲಾಯಿತು.

ವಿಹಾರದ ಒಳಗಿನ ಪದಗಳು ಬೇರೆ ಬಗೆಯವು. ಮಠಾಧಿಪತಿ 'ಫಾಂಗ್‌ಜಾಂಗ್', ಈ ಪದದ ಅರ್ಥ ಹತ್ತು ಅಡಿ ಚದರದ ಕೋಣೆ. ವಿಮಲಕೀರ್ತಿಯ ಕಥೆಯಲ್ಲಿ ಅಸಂಖ್ಯ ಜನರಿಗೆ ಎಡೆಕೊಟ್ಟ ಪುಟ್ಟ ಕೋಣೆಯ ನೆನಪು ಇದರಲ್ಲಿದೆ. ಶಿಸ್ತಿನ ಮೇಲ್ವಿಚಾರಕ 'ವೇನಾ' ಒಂದು ಮಿಶ್ರಪದ: 'ವೇ' ಚೀನೀಯದು, 'ನಾ' ಸಂಸ್ಕೃತದ 'ಕರ್ಮದಾನ'ದ ಕೊನೆಯ ಅಕ್ಷರ. ಇದನ್ನೂ ಇತ್ಸಿಂಗನೇ ಬಿಡಿಸಿ ಹೇಳಿದ್ದಾನೆ. ಎಲ್ಲರೂ ಕೂಡಿ ಮಾಡುವ ದುಡಿಮೆಗೆ 'ಪುಚಿಂಗ್', ಎಂದರೆ 'ಎಲ್ಲರಿಗೂ ಆಹ್ವಾನ' ಎಂಬ ಹೆಸರು. ಅಡುಗೆಯ ಹೊಣೆ ಹೊತ್ತ 'ದಿಯಾನ್‌ಜುವೊ'ವಿನ ಕರ್ತವ್ಯಗಳನ್ನು 1103ರ ಚಾನ್ ವಿಹಾರ ನಿಯಮಾವಳಿ ವಿವರವಾಗಿ ನಿರೂಪಿಸಿದೆ. ಅಲೆಮಾರಿ ಭಿಕ್ಷು 'ಮೋಡ-ನೀರು' ಎನಿಸಿದನು. ಅವನು ಒಂದು ವಿಹಾರದಲ್ಲಿ ತಂಗಿದರೆ ಹೆಸರಿನ ಚೀಟಿ ತೂಗುಹಾಕಿದನೆಂದು ಹೇಳುವುದು ವಾಡಿಕೆ. ಹೊಲ, ಒಲೆ, ಹಾಸಿಗೆಗಳಿಗೆಲ್ಲ ಹೆಸರಿಟ್ಟ ಈ ಪದಾವಳಿ ಒಂದು ದೊಡ್ಡ ಕೂಡುಕುಟುಂಬದ ಆಡಳಿತವನ್ನು ನೆನಪಿಸುತ್ತದೆ.

6. ಗಾದೆಗಳ ಸಾಕ್ಷ್ಯ

ಮನೆಮಂದಿಯಾದ ಮೇಲೆ ಟೀಕೆಯೂ ಸಹಜ. ಚೀನೀ ಗಾದೆಗಳಲ್ಲಿ ಬರುವವನು ಬಿಚ್ಯೂ ಅಲ್ಲ, ಹೆಷಾಂಗ್. ಒಬ್ಬ ಹೆಷಾಂಗ್ ಇದ್ದರೆ ನೀರು ಹೊತ್ತು ತರುತ್ತಾನೆ, ಇಬ್ಬರಿದ್ದರೆ ಕೂಡಿ ಹೊರುತ್ತಾರೆ, ಮೂವರಿದ್ದರೆ ಕುಡಿಯಲು ನೀರಿಲ್ಲ ಎಂಬುದು ಒಂದು. ಹೆಷಾಂಗ್ ಆಗಿರುವ ದಿನವೆಲ್ಲ ಗಂಟೆ ಬಾರಿಸಿದರಾಯಿತು ಎಂಬುದು ಮನಸ್ಸಿಲ್ಲದೆ ಕೆಲಸ ಮಾಡುವವರ ಬಗೆಗಿನ ಮಾತು. ಹೆಷಾಂಗ್ ಓಡಿಹೋದರೂ ಗುಡಿ ಓಡಿಹೋಗದು ಎಂಬುದರಲ್ಲಿ ಸಾಲ ಕೊಟ್ಟವನ ಧೈರ್ಯವಿದೆ. ಹೊರಗಿನಿಂದ ಬಂದ ಹೆಷಾಂಗನೇ ಚೆನ್ನಾಗಿ ಸೂತ್ರ ಓದುತ್ತಾನೆ ಎಂಬ ಮಾತು ನಮ್ಮ 'ಹಿತ್ತಲ ಗಿಡ ಮದ್ದಲ್ಲ' ಎಂಬುದರ ಸೋದರ. ಭಿಕ್ಷುವನ್ನು ಪವಿತ್ರನೆಂದು ದೂರವಿಟ್ಟ ಸಮಾಜದಲ್ಲಿ ಇಂತಹ ಗಾದೆಗಳು ಹುಟ್ಟಲಾರವು. ನೀರು ಹೊರುವ, ಸೋಮಾರಿಯಾಗುವ, ಸಾಲ ಮಾಡುವ ಮನುಷ್ಯನಾಗಿ ಅವನನ್ನು ಹತ್ತಿರದಿಂದ ಕಂಡವರು ಕಟ್ಟಿದ ಮಾತುಗಳಿವು.

7. ಉಪಸಂಹಾರ

ಮೇಲಿನ ಚರ್ಚೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಪಂಡಿತರು ಶುದ್ಧ ರೂಪವನ್ನು ಕಾಪಾಡಲು ಯತ್ನಿಸಿದರೂ ದಿನಬಳಕೆಯಲ್ಲಿ ಗೆದ್ದದ್ದು ಹೆಷಾಂಗ್, ಸೆಂಗ್, ನಿಗುಗಳಂತಹ ಸವೆದ, ತುಂಡಾದ, ಬೆಸೆದ ಪದಗಳು. ಎರಡನೆಯದಾಗಿ, 'ಮನೆಯಿಂದ ಹೊರಹೋಗು' ಎಂಬ ಪದದಿಂದ ಆರಂಭವಾದ ಜೀವನವನ್ನು ಚೀನೀ ಭಾಷೆ ಕುಲನಾಮ, ತಂದೆ, ಅಣ್ಣ, ಅತ್ತೆ, ಮೊಮ್ಮಕ್ಕಳ ಪದಗಳಿಂದ ಸುತ್ತುವರಿಯಿತು. ಪರಕೀಯವೆಂಬ ಆಕ್ಷೇಪವನ್ನು ಎದುರಿಸಿದ ಸಂಸ್ಥೆಯೊಂದು ಚೀನೀ ನೆಲದಲ್ಲಿ ಬೇರೂರಲು ಗ್ರಂಥಗಳಷ್ಟೇ ಈ ನೆಂಟಸ್ತಿಕೆಯ ನುಡಿಯೂ ಕಾರಣವೆಂದು ಹೇಳಬಹುದು.

ಕನ್ನಡ ಸಂಶೋಧನೆಗೂ ಇದರಿಂದ ಒಂದು ಸೂಚನೆಯಿದೆ. ಚೀನೀ ಯಾತ್ರಿಕರನ್ನು ನಾವು ಮುಖ್ಯವಾಗಿ ಪುಲಕೇಶಿಗಾಗಿ, ಕೊಂಕಣಪುರದ ನೆಲೆಯ ಗುರುತಿಗಾಗಿ ಓದಿದ್ದೇವೆ. ಅವರ ಬರಹಗಳಲ್ಲಿ ಅರಸರ ಹೆಸರುಗಳಷ್ಟೇ ಅಲ್ಲ, ಅಂದಿನ ಭಾರತೀಯರ ಆಡುನುಡಿಯ ಧ್ವನಿಯೂ ದಾಖಲಾಗಿದೆ. ಇತ್ಸಿಂಗ್ ಅಶುದ್ಧವೆಂದು ತಳ್ಳಿಹಾಕಿದ ಆ ಒಂದು ಪದವನ್ನು ನಮ್ಮ ಶಾಸನಗಳ ಓಜನ ಪಕ್ಕದಲ್ಲಿಟ್ಟು ನೋಡಿದರೆ, ಸವಣ, ಓಜಗಳಂತಹ ತದ್ಭವಗಳ ಚರಿತ್ರೆಯನ್ನು ಕರ್ನಾಟಕದ ಗಡಿಯೊಳಗೆ ಮಾತ್ರ ಬರೆದರೆ ಸಾಲದೆಂಬುದು ಮನವರಿಕೆಯಾಗುತ್ತದೆ.